ವಿಚಾರ ನೋಡಿ ವೀಸಾ: ಪರದೇಶದ ಅತಿಥಿಗೆ ಬಾಗಿಲು ಹಾಕಿದಾಗ ನಷ್ಟ ಯಾರಿಗೆ?

1969ರಲ್ಲಿ ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದ ಸ್ನಾತಕೋತ್ತರ ವಿದ್ಯಾರ್ಥಿಗಳು ಒಂದು ವಿಚಾರ ಸಂಕಿರಣ ಇಟ್ಟುಕೊಂಡಿದ್ದರು. ಬೆಲ್ಜಿಯಂನ ಅರ್ಥಶಾಸ್ತ್ರಜ್ಞ ಅರ್ನೆಸ್ಟ್ ಮ್ಯಾಂಡೆಲ್ ಅವರನ್ನು ಮಾತಾಡಲು ಕರೆದರು. ಮ್ಯಾಂಡೆಲ್ ತಾನು ಕ್ರಾಂತಿಕಾರಿ ಮಾರ್ಕ್ಸ್‌ವಾದಿ ಎಂದು ಬಹಿರಂಗವಾಗಿಯೇ ಹೇಳಿಕೊಳ್ಳುತ್ತಿದ್ದವರು. ಹಿಂದೆ 1962 ಮತ್ತು 1968ರಲ್ಲಿ ಅಮೆರಿಕಕ್ಕೆ ಬಂದು ಹೋಗಿದ್ದರು. ಈ ಸಲ ವೀಸಾ ಸಿಗಲಿಲ್ಲ. ಕಮ್ಯುನಿಸ್ಟ್ ಸಿದ್ಧಾಂತವನ್ನು ಪ್ರಚಾರ ಮಾಡುವವರಿಗೆ ಪ್ರವೇಶವಿಲ್ಲ ಎಂದು ಕಾನೂನಿನಲ್ಲೇ ಇತ್ತು. ಸರ್ಕಾರ ಬಯಸಿದರೆ ವಿನಾಯಿತಿ ಕೊಡಬಹುದಿತ್ತು, ಹಿಂದೆ ಕೊಟ್ಟೂ ಇತ್ತು. ಈಗ ಕೊಡಲಿಲ್ಲ. ಕಳೆದ ಸಲ ಹೇಳಿದ್ದಕ್ಕಿಂತ ಜಾಸ್ತಿ ಕಡೆ ಭಾಷಣ ಮಾಡಿದ್ದಾರೆ ಎಂಬುದು ಸರ್ಕಾರದ ದೂರು.

ಮ್ಯಾಂಡೆಲ್ ನ್ಯೂಯಾರ್ಕಿನ ಒಂದು ಸಭೆಗೆ ಅಟ್ಲಾಂಟಿಕ್ ಆಚೆಯಿಂದ ಫೋನಿನಲ್ಲೇ ಭಾಷಣ ಮಾಡಿದರು. ಅತ್ತ ಕೆಲವು ಅಮೆರಿಕನ್ ಪ್ರಾಧ್ಯಾಪಕರು ಕೋರ್ಟಿಗೆ ಹೋದರು. ಅವರ ವಾದ ಹೊಸದಾಗಿತ್ತು. ಮ್ಯಾಂಡೆಲ್‌ಗೆ ಬರುವ ಹಕ್ಕಿದೆ ಎಂದು ಅವರು ವಾದಿಸಲಿಲ್ಲ. ಅವರ ಮಾತು ಕೇಳುವ, ಅವರ ಜೊತೆ ಎದುರುಬದುರು ಕೂತು ಜಗಳ ಮಾಡುವ ಹಕ್ಕು ನಮಗಿದೆ ಎಂದರು.

ವಿದೇಶಿಯರಿಗೆ ಸರ್ಕಾರ ಹಾಕುವ ನಿರ್ಬಂಧದ ಬಗ್ಗೆ ಮಾತಾಡುವಾಗ ನಾವು ಸಾಮಾನ್ಯವಾಗಿ ಬರುವವರನ್ನು ಮಾತ್ರ ನೋಡುತ್ತೇವೆ. ಅವರು ಒಳ್ಳೆಯವರೇ, ಅಪಾಯಕಾರಿಯೇ, ನಮ್ಮ ದೇಶದ ಬಗ್ಗೆ ಏನು ಹೇಳಿದ್ದಾರೆ, ಇಷ್ಟೇ ಚರ್ಚೆ. ಒಳಗಿರುವ ನಮ್ಮ ಕಿವಿಗೂ ಅಲ್ಲಿ ಬೀಗ ಬೀಳುತ್ತದೆ ಎಂಬುದು ಮರೆತೇಹೋಗುತ್ತದೆ. ಈ ಲೇಖನ ಬರೆಯಲು ನನಗಿರುವ ಮುಖ್ಯ ಕಾರಣ ಅದೇ.

ಬರುವ ಹಕ್ಕು ಯಾರಿಗೂ ಇಲ್ಲ

ಮೊದಲು ಕಾನೂನು ಏನು ಹೇಳುತ್ತದೆ ನೋಡೋಣ. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 13ನೇ ವಿಧಿಯ ಎರಡನೇ ಭಾಗ ಎರಡು ಹಕ್ಕು ಕೊಡುತ್ತದೆ. ಯಾವ ದೇಶವನ್ನಾದರೂ ಬಿಟ್ಟು ಹೊರಡುವ ಹಕ್ಕು, ಸ್ವಂತ ದೇಶಕ್ಕೆ ಮರಳುವ ಹಕ್ಕು. ಇನ್ನೊಂದು ದೇಶದೊಳಗೆ ಹೋಗುವ ಹಕ್ಕಿನ ಬಗ್ಗೆ ಅದರಲ್ಲಿ ಒಂದು ಮಾತೂ ಇಲ್ಲ. ಹೊರಡಬಹುದು, ಆದರೆ ಎಲ್ಲಿಗೆ ತಲುಪಬಹುದು ಎಂಬುದು ಬೇರೆಯವರ ಕೈಯಲ್ಲಿ.

ಕೋರ್ಟುಗಳೂ ಇದನ್ನೇ ಹೇಳುತ್ತಾ ಬಂದಿವೆ. ಚೀನೀ ಕಾರ್ಮಿಕರನ್ನು ಹೊರಗಿಡುವ ಕಾನೂನಿನ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 1889ರಲ್ಲೇ, ವಿದೇಶಿಯರನ್ನು ತಡೆಯುವುದು ಸಾರ್ವಭೌಮ ರಾಷ್ಟ್ರದ ಅಧಿಕಾರ ಎಂದಿತು. ಭಾರತದ ಸುಪ್ರೀಂ ಕೋರ್ಟ್ 1955ರಲ್ಲಿ ಜರ್ಮನಿಯ ಹಾನ್ಸ್ ಮುಲ್ಲರ್ ಪ್ರಕರಣದಲ್ಲಿ, ವಿದೇಶಿಯರನ್ನು ಹೊರಗೆ ಕಳಿಸಲು ಸರ್ಕಾರಕ್ಕೆ ಪೂರ್ತಿ ವಿವೇಚನಾಧಿಕಾರ ಇದೆ ಎಂದು ತೀರ್ಪು ಕೊಟ್ಟಿತು. ಭಾರತದ ಸಂವಿಧಾನದಲ್ಲಿ ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ 21ನೇ ವಿಧಿ ಎಲ್ಲರಿಗೂ ಅನ್ವಯ. ವಾಕ್ ಸ್ವಾತಂತ್ರ್ಯದ 19ನೇ ವಿಧಿ ನಾಗರಿಕರಿಗೆ ಮಾತ್ರ.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿರುವುದಿಲ್ಲ. ವೀಸಾ ಸಿಕ್ಕಿತು ಎಂದರೆ ಪ್ರವೇಶ ಸಿಕ್ಕಿತು ಎಂದಲ್ಲ. ಹೆಚ್ಚಿನ ದೇಶಗಳಲ್ಲಿ ವೀಸಾ ಎಂದರೆ ವಿಮಾನ ನಿಲ್ದಾಣದ ಇಮಿಗ್ರೇಷನ್ ಕೌಂಟರ್‌ವರೆಗೆ ಬರಲು ಅನುಮತಿ, ಅಷ್ಟೇ. ಒಳಗೆ ಬಿಡುವ ತೀರ್ಮಾನ ಅಲ್ಲಿ ಕೂತ ಅಧಿಕಾರಿಯದು, ಅಥವಾ ಅವರ ಕಂಪ್ಯೂಟರಿಗೆ ಹೆಸರು ಸೇರಿಸಿದ ಇನ್ಯಾರದೋ. ಹಾಗಾಗಿ ತಡೆಯಲು ಹಲವು ಜಾಗಗಳಿವೆ. ಅರ್ಜಿಯನ್ನೇ ತಿರಸ್ಕರಿಸಬಹುದು. ಅರ್ಜಿಗೆ ಉತ್ತರ ಕೊಡದೆ ಕಾರ್ಯಕ್ರಮದ ದಿನ ಕಳೆಯುವವರೆಗೂ ಸುಮ್ನೆ ಇಟ್ಟುಕೊಳ್ಳಬಹುದು. ಕೊಟ್ಟ ವೀಸಾ ರದ್ದು ಮಾಡಬಹುದು. ಇಳಿದ ಮೇಲೆ ಅದೇ ವಿಮಾನ ಸಂಸ್ಥೆಯ ಮುಂದಿನ ವಿಮಾನ ಹತ್ತಿಸಬಹುದು. ಒಳಗೆ ಬಂದ ಮೇಲೆ ಗಡೀಪಾರು ಮಾಡಬಹುದು.

ಈ ಐದರಲ್ಲಿ ಎರಡನೆಯದು ಅತ್ಯಂತ ಸದ್ದಿಲ್ಲದ ದಾರಿ. ತಿರಸ್ಕಾರವೇ ಇಲ್ಲದಿದ್ದರೆ ಮೇಲ್ಮನವಿ ಯಾವುದರ ಮೇಲೆ ಹಾಕುವುದು? ಪತ್ರಿಕೆಯಲ್ಲಿ ಸುದ್ದಿಯಾಗುವುದು ಮಾತ್ರ ನಾಲ್ಕನೆಯದು, ಏಕೆಂದರೆ ಅಲ್ಲಿ ಸೂಟ್‌ಕೇಸ್ ಹಿಡಿದು ನಿಂತ ಒಬ್ಬ ಮನುಷ್ಯ ಕಾಣುತ್ತಾರೆ.

ತಲೆಯೊಳಗಿನ ವಿಚಾರ ತಪಾಸಣೆಗೆ ಬಂದದ್ದು ಹೇಗೆ?

ರೋಗ, ಅಪರಾಧ, ಬಡತನ, ಜನಾಂಗ ಇವುಗಳ ಹೆಸರಲ್ಲಿ ಜನರನ್ನು ತಡೆಯುವುದು ಹಳೆಯದು. ನಂಬಿಕೆಯನ್ನೇ ಕಾರಣವಾಗಿ ಕಾನೂನಿನಲ್ಲಿ ಬರೆದ ಕಥೆಗೆ ಅಮೆರಿಕ ಒಳ್ಳೆಯ ಉದಾಹರಣೆ. ಅಲ್ಲಿನ ದಾಖಲೆಗಳು ಬಹಿರಂಗವಾಗಿವೆ, ಕೋರ್ಟ್ ತೀರ್ಪುಗಳೂ ಸಿಗುತ್ತವೆ.

1901ರಲ್ಲಿ ಅಧ್ಯಕ್ಷ ವಿಲಿಯಂ ಮೆಕಿನ್ಲಿ ಅವರನ್ನು ಲಿಯಾನ್ ಚೋಲ್ಗೋಶ್ ಎಂಬಾತ ಗುಂಡಿಟ್ಟು ಕೊಂದ. ತಾನು ಅರಾಜಕತಾವಾದಿ, ಅಂದರೆ ಸರ್ಕಾರ ಎಂಬುದೇ ಬೇಡ ಎನ್ನುವವನು, ಎಂದು ಆತ ಹೇಳಿಕೊಂಡಿದ್ದ. ದೇಶ ಬೆಚ್ಚಿಬಿತ್ತು. ಎರಡು ವರ್ಷದಲ್ಲಿ, 1903ರಲ್ಲಿ, ಅರಾಜಕತಾವಾದಿಗಳಿಗೆ ಅಮೆರಿಕಕ್ಕೆ ಪ್ರವೇಶವಿಲ್ಲ ಎಂಬ ಕಾನೂನು ಬಂತು. ಆದರೆ ಚೋಲ್ಗೋಶ್ ಹುಟ್ಟಿದ್ದು ಅಮೆರಿಕದ ಮಿಷಿಗನ್ ರಾಜ್ಯದಲ್ಲೇ. ಅವನ ತಂದೆ ತಾಯಿ ಪೋಲೆಂಡ್ ಮೂಲದ ವಲಸಿಗರು, ನಿಜ. ಅವನು ಯಾವ ಗಡಿಯನ್ನೂ ದಾಟಿ ಬಂದವನಲ್ಲ. ಆ ಕಾನೂನು ಮೊದಲೇ ಇದ್ದಿದ್ದರೂ ಆ ಕೊಲೆ ತಪ್ಪುತ್ತಿರಲಿಲ್ಲ.

ಕಾನೂನಿನ ಬಲೆಗೆ ಬಿದ್ದವರು ಯಾರು ಗೊತ್ತಾ? ಇಂಗ್ಲೆಂಡಿನ ಜಾನ್ ಟರ್ನರ್. ಅಂಗಡಿ ನೌಕರರನ್ನು ಸಂಘಟಿಸುತ್ತಿದ್ದ ಕಾರ್ಮಿಕ ನಾಯಕ. 1903ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನಲ್ಲಿ ಭಾಷಣ ಮುಗಿಸಿದಾಗ ಅವರನ್ನು ಬಂಧಿಸಿ ನ್ಯೂಯಾರ್ಕ್ ಬಂದರಿನ ವಲಸೆ ತಪಾಸಣಾ ಕೇಂದ್ರವಾದ ಎಲ್ಲಿಸ್ ದ್ವೀಪದಲ್ಲಿ ಇಟ್ಟರು. ಅವರು ಯಾರಿಗೂ ಬಾಂಬು ಎಸೆದವರಲ್ಲ, ಎಸೆಯಿರಿ ಎಂದವರೂ ಅಲ್ಲ. ಕ್ಲಾರೆನ್ಸ್ ಡ್ಯಾರೋ ಅವರಂಥ ಹೆಸರಾಂತ ವಕೀಲರು ಅವರ ಪರ ನಿಂತರು. 1904ರಲ್ಲಿ ಸುಪ್ರೀಂ ಕೋರ್ಟ್ ಸರ್ಕಾರದ ಪರವಾಗಿಯೇ ತೀರ್ಪು ಕೊಟ್ಟಿತು. ವಿದೇಶಿಯನಿಗೆ ಬರುವ ಹಕ್ಕೇ ಇಲ್ಲದ ಮೇಲೆ ವಾಕ್ ಸ್ವಾತಂತ್ರ್ಯದ ಪ್ರಶ್ನೆ ಎಲ್ಲಿ ಬಂತು ಎಂಬುದು ಆ ತೀರ್ಪಿನ ಸಾರ.

ಅರ್ಧ ಶತಮಾನದ ನಂತರ ಶೀತಲ ಸಮರದ ಹೊತ್ತಿಗೆ ಭಯದ ಹೆಸರು ಬದಲಾಯಿತು. 1952ರ ಮೆಕ್ಯಾರನ್–ವಾಲ್ಟರ್ ಕಾಯ್ದೆ ಕಮ್ಯುನಿಸ್ಟರನ್ನೂ, ಆ ವಿಚಾರ ಹರಡುವವರನ್ನೂ ದೊಡ್ಡ ಪ್ರಮಾಣದಲ್ಲಿ ಹೊರಗಿಟ್ಟಿತು. ಅಧ್ಯಕ್ಷ ಟ್ರೂಮನ್ ಇದಕ್ಕೆ ವಿಟೋ ಹಾಕಿದರು. ಸಂಸತ್ತು ಅದನ್ನು ಮೀರಿ ಕಾಯ್ದೆ ಮಾಡಿತು. ಇಂಥ ಕಾನೂನಿಗೆ ಮನುಷ್ಯನ ಇಡೀ ಬದುಕು ಕಾಣುವುದಿಲ್ಲ. ಯಾವ ಸಂಘ ಸೇರಿದ್ದೆ, ಯಾವ ಅರ್ಜಿಗೆ ಸಹಿ ಹಾಕಿದ್ದೆ, ಇಷ್ಟೇ ಕಾಣುತ್ತದೆ. ಕಾದಂಬರಿಕಾರ ಗ್ರಹಾಂ ಗ್ರೀನ್ ವಿದ್ಯಾರ್ಥಿಯಾಗಿದ್ದಾಗ ಕೆಲವೇ ವಾರ ಕಮ್ಯುನಿಸ್ಟ್ ಪಕ್ಷದ ಸದಸ್ಯರಾಗಿದ್ದರು. ಅಷ್ಟಕ್ಕೇ 1954ರಲ್ಲಿ ಅವರನ್ನು ಅಮೆರಿಕದ ಆಡಳಿತದಲ್ಲಿರುವ ಪೋರ್ಟೊರಿಕೊದಿಂದ ಹೊರಗೆ ಕಳಿಸಿದರು. 1952ರಲ್ಲಿ ಚಾರ್ಲಿ ಚಾಪ್ಲಿನ್ ಲಂಡನ್‌ಗೆ ಹಡಗಿನಲ್ಲಿ ಹೋಗುತ್ತಿದ್ದಾಗಲೇ ಅವರ ಮರುಪ್ರವೇಶದ ಅನುಮತಿ ರದ್ದಾಯಿತು. ದಶಕಗಳ ಕಾಲ ಅಮೆರಿಕದಲ್ಲಿ ಬದುಕಿ, ದುಡಿದು, ಇಡೀ ಜಗತ್ತನ್ನು ನಗಿಸಿದ ಆ ಮನುಷ್ಯ ಬ್ರಿಟನ್ನಿನ ಪ್ರಜೆಯಾಗಿಯೇ ಉಳಿದಿದ್ದರು. ಮತ್ತೆ ಆ ನೆಲಕ್ಕೆ ಕಾಲಿಟ್ಟಿದ್ದು 1972ರಲ್ಲಿ, ಗೌರವ ಆಸ್ಕರ್ ಪಡೆಯಲು. ಕೊಲಂಬಿಯಾದ ಗೇಬ್ರಿಯಲ್ ಗಾರ್ಸಿಯಾ ಮಾರ್ಕೇಜ್ 1982ರಲ್ಲಿ ನೊಬೆಲ್ ಪಡೆದ ಮೇಲೂ ಈ ನಿರ್ಬಂಧದಿಂದ ಬಿಡುಗಡೆ ಪಡೆಯಲು ಕ್ಲಿಂಟನ್ ಅಧ್ಯಕ್ಷರಾಗುವವರೆಗೆ ಕಾಯಬೇಕಾಯಿತು.

ನನಗೆ ಹೆಚ್ಚು ನೋವು ಕೊಡುವುದು ನೆಲ್ಸನ್ ಮಂಡೇಲಾ ಅವರ ವಿಷಯ. ಅವರ ಪಕ್ಷ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ ಅಮೆರಿಕದ ಭಯೋತ್ಪಾದಕ ಸಂಘಟನೆಗಳ ಪಟ್ಟಿಗೆ ಸೇರಿತ್ತು. 1993ರಲ್ಲಿ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. 1994ರಲ್ಲಿ ದಕ್ಷಿಣ ಆಫ್ರಿಕಾದ ಅಧ್ಯಕ್ಷರಾದರು. ಆದರೂ ಅಮೆರಿಕಕ್ಕೆ ಹೋಗಬೇಕಾದರೆ ವಿಶೇಷ ವಿನಾಯಿತಿ ಬೇಕಿತ್ತು. ಆ ತೊಡಕು ನಿವಾರಣೆಯಾದದ್ದು 2008ರ ಜುಲೈನಲ್ಲಿ, ಅವರಿಗೆ 90 ತುಂಬುವ ಸ್ವಲ್ಪ ಮುಂಚೆ. ಅದಕ್ಕೂ ಸಂಸತ್ತು ಬೇರೆ ಕಾನೂನನ್ನೇ ಮಾಡಬೇಕಾಯಿತು. ಪಟ್ಟಿಗೆ ಹೆಸರು ಸೇರಿಸಲು ಒಂದು ಸಹಿ ಸಾಕು. ತೆಗೆಯುವ ಜವಾಬ್ದಾರಿ ಯಾರದೂ ಅಲ್ಲ.

1990ರಲ್ಲಿ ಅಮೆರಿಕ ಇದನ್ನು ಬಹುಮಟ್ಟಿಗೆ ಸರಿಪಡಿಸಿತು. ಅಮೆರಿಕದೊಳಗೆ ಕಾನೂನುಬದ್ಧವಾಗಿರುವ ನಂಬಿಕೆ ಅಥವಾ ಮಾತಿನ ಕಾರಣಕ್ಕೆ ಭೇಟಿಗಾರರನ್ನು ತಡೆಯಬಾರದು ಎಂಬುದು ಸಾಮಾನ್ಯ ನಿಯಮವಾಯಿತು. ಆದರೆ ಒಂದು ಕಿಂಡಿ ಉಳಿಯಿತು. ದೇಶದ ವಿದೇಶಾಂಗ ಹಿತಕ್ಕೆ ತೀವ್ರ ಧಕ್ಕೆ ಆಗುತ್ತದೆ ಎಂದು ವಿದೇಶಾಂಗ ಸಚಿವರು ಖುದ್ದಾಗಿ ತೀರ್ಮಾನಿಸಿದರೆ ತಡೆಯಬಹುದು. ಈ ಕಿಂಡಿಯ ಮಾತು ಮುಂದೆ ಮತ್ತೆ ಬರುತ್ತದೆ.

ಎಡವೋ ಬಲವೋ, ಬೀಗ ಒಂದೇ

ಇಷ್ಟು ಓದಿದವರಿಗೆ ಇದು ಎಡಪಂಥೀಯರ ಮೇಲಿನ ದಾಳಿ ಎನಿಸಬಹುದು. ಹಾಗಲ್ಲ. ಅಧಿಕಾರದಲ್ಲಿ ಯಾರಿದ್ದಾರೆ ಎಂಬುದರ ಮೇಲೆ ಹೊರಗೆ ನಿಲ್ಲುವವರು ಬದಲಾಗುತ್ತಾರೆ.

ಬ್ರಿಟನ್ನಿನಲ್ಲಿ ಗೃಹ ಸಚಿವರು, ಈ ವ್ಯಕ್ತಿ ಬರುವುದು ಸಾರ್ವಜನಿಕ ಹಿತಕ್ಕೆ ಒಳ್ಳೆಯದಲ್ಲ ಎಂದು ತಡೆಯಬಹುದು. 2005ರ ಜುಲೈನ ಲಂಡನ್ ಬಾಂಬ್ ಸ್ಫೋಟಗಳ ನಂತರ ಯಾವ ನಡವಳಿಕೆ ಒಪ್ಪಲಾಗದು ಎಂಬ ಪಟ್ಟಿಯನ್ನೂ ಪ್ರಕಟಿಸಿದರು. ಇದೇ ಅಧಿಕಾರ ಬಳಸಿ ಇಸ್ಲಾಂ ಧರ್ಮಪ್ರಚಾರಕ ಝಾಕಿರ್ ನಾಯಕ್ ಅವರನ್ನು 2010ರಲ್ಲಿ ತಡೆದರು. ಇಸ್ಲಾಂ ವಿರೋಧಿ ಅಮೆರಿಕನ್ ಕಾರ್ಯಕರ್ತರಾದ ಪಮೇಲಾ ಗೆಲ್ಲರ್ ಮತ್ತು ರಾಬರ್ಟ್ ಸ್ಪೆನ್ಸರ್ ಅವರನ್ನು 2013ರಲ್ಲಿ ತಡೆದರು. ಫ್ರಾನ್ಸ್ 1986ರಲ್ಲಿ, ಅಣ್ವಸ್ತ್ರ ಪರೀಕ್ಷೆಯ ವಿರುದ್ಧ ಮಾತಾಡಿದ ಯುರೋಪಿಯನ್ ಸಂಸತ್ತಿನ ಜರ್ಮನ್ ಸದಸ್ಯೆ ಡೊರೋಥೀ ಪೀರ್‌ಮಾಂಟ್ ಅವರನ್ನು ಫ್ರೆಂಚ್ ಪಾಲಿನೇಷ್ಯಾದಿಂದ ಹೊರಗೆ ಹಾಕಿತು. ಚೀನಾ 2021ರ ಮಾರ್ಚ್‌ನಲ್ಲಿ ಯುರೋಪಿನ ಕೆಲವು ಸಂಸದರು ಮತ್ತು ವಿದ್ವಾಂಸರಿಗೆ ಪ್ರವೇಶ ನಿಷೇಧಿಸಿತು. ಶಿನ್‌ಜಿಯಾಂಗ್ ಪ್ರಾಂತ್ಯದ ಉಯ್ಗುರ್ ಮುಸ್ಲಿಮರ ಮಾನವ ಹಕ್ಕುಗಳ ವಿಚಾರದಲ್ಲಿ ಯುರೋಪ್ ಹಾಕಿದ ನಿರ್ಬಂಧಕ್ಕೆ ಅದು ಪ್ರತ್ಯುತ್ತರ. ಇಸ್ರೇಲ್ 2017ರಲ್ಲಿ, ತನ್ನ ವಿರುದ್ಧ ಬಹಿಷ್ಕಾರಕ್ಕೆ ಬಹಿರಂಗವಾಗಿ ಕರೆ ಕೊಡುವವರನ್ನು ತಡೆಯುವ ತಿದ್ದುಪಡಿ ತಂದಿತು. 2019ರಲ್ಲಿ ಅಮೆರಿಕದ ಇಬ್ಬರು ಸಂಸದೆಯರನ್ನೇ ತಡೆಯಿತು. ಆಸ್ಟ್ರೇಲಿಯಾ 2024ರಲ್ಲಿ ಅಮೆರಿಕದ ಬಲಪಂಥೀಯ ವಾಗ್ಮಿ ಕ್ಯಾಂಡೇಸ್ ಓವೆನ್ಸ್ ಅವರಿಗೆ ವೀಸಾ ನಿರಾಕರಿಸಿತು, 2025ರಲ್ಲಿ ಅಲ್ಲಿನ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು.

ಈ ಹೆಸರುಗಳಲ್ಲಿ ಕೆಲವರ ಮಾತು ನಿಮಗೆ ಇಷ್ಟವಾಗಬಹುದು, ಕೆಲವರದು ಸಿಟ್ಟು ತರಿಸಬಹುದು. ನನಗೂ ಹಾಗೇ. ಆದರೆ ನಮ್ಮ ಇಷ್ಟದವರನ್ನು ತಡೆದಾಗ ಮಾತ್ರ ಕೂಗಿ, ಇಷ್ಟವಿಲ್ಲದವರನ್ನು ತಡೆದಾಗ ಚಪ್ಪಾಳೆ ತಟ್ಟಿದರೆ ಅದು ತತ್ವ ಆಗುವುದಿಲ್ಲ, ಅಲ್ವಾ?

ದೇಶ ಒಂದು ಮನೆಯೇ?

ನಿರ್ಬಂಧದ ಪರ ಇರುವವರು ಒಂದು ಹೋಲಿಕೆ ಕೊಡುತ್ತಾರೆ. ನಮ್ಮ ಮನೆಗೆ ಯಾರು ಬರಬೇಕು ಎಂದು ನಾವೇ ತಾನೆ ತೀರ್ಮಾನಿಸುವುದು? ಮನೆಯವರನ್ನು ಬೈಯುವವನಿಗೆ ಯಾಕೆ ಬಾಗಿಲು ತೆರೆಯಬೇಕು? ಕೇಳಲು ಸರಿ ಎನಿಸುತ್ತದೆ. ಆದರೆ ದೇಶ ಎಂಬ ಮನೆಗೆ ಒಬ್ಬನೇ ಯಜಮಾನ ಇಲ್ಲ. ಅಲ್ಲಿ ಕೋಟ್ಯಂತರ ಜನ ಇದ್ದಾರೆ, ಅವರೊಳಗೇ ನೂರು ಅಭಿಪ್ರಾಯ ಇವೆ. ಒಂದು ಕೋಣೆಯವರು ಕರೆದ ಅತಿಥಿಯನ್ನು ಬಾಗಿಲ ಬಳಿ ಇರುವವರು ವಾಪಸ್ ಕಳಿಸುತ್ತಾರೆ.

2024ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಪ್ರಾಧ್ಯಾಪಕಿ ನಿತಾಶಾ ಕೌಲ್ ಅವರ ವಿಷಯದಲ್ಲಿ ಇದು ಕಣ್ಣಿಗೆ ಕಟ್ಟುವಂತೆ ನಡೆಯಿತು. ಸಂವಿಧಾನದ ಕುರಿತ ಸಮಾವೇಶಕ್ಕೆ ಅವರನ್ನು ಕರೆದಿದ್ದು ಕರ್ನಾಟಕ ಸರ್ಕಾರ. ಅವರ ಬಳಿ ಸಾಗರೋತ್ತರ ಭಾರತೀಯ ನಾಗರಿಕರಿಗೆ ಕೊಡುವ ಒಸಿಐ ಕಾರ್ಡ್ ಇತ್ತು. ವಿಮಾನ ನಿಲ್ದಾಣದಲ್ಲಿ ಕೇಂದ್ರದ ಅಧೀನದ ವಲಸೆ ಅಧಿಕಾರಿಗಳು ತಡೆದು ಲಂಡನ್‌ಗೆ ವಾಪಸ್ ಕಳಿಸಿದರು. ತನಗೆ ಸರಿಯಾದ ಕಾರಣ ಕೊಡಲಿಲ್ಲ ಎಂದು ಅವರು ಹೇಳಿದರು. ಯಾರಿಗೆ ಪ್ರವೇಶ ಕೊಡಬೇಕು ಎಂಬುದು ಸಾರ್ವಭೌಮ ತೀರ್ಮಾನ ಎಂದು ವಿದೇಶಾಂಗ ಸಚಿವಾಲಯ ಹೇಳಿತು. 2025ರಲ್ಲಿ ಅವರ ಒಸಿಐ ಕೂಡ ರದ್ದಾಯಿತು. ಅವರ ವಿಚಾರಗಳನ್ನು ಒಪ್ಪುವುದು ಬಿಡುವುದು ಬೇರೆ ಮಾತು. ಜನ ಆರಿಸಿದ ಒಂದು ಸರ್ಕಾರ ಕರೆದವರನ್ನು ಜನ ಆರಿಸಿದ ಇನ್ನೊಂದು ಸರ್ಕಾರ ತಡೆದರೆ, ಮನೆಯ ಯಜಮಾನ ಯಾರು?

ಮಾತಿಗೂ ಅಪಾಯ ಇದೆ

ಹಾಗೆಂದು ಎಲ್ಲರನ್ನೂ ಬಿಡಿ ಎಂದು ನಾನು ಹೇಳುತ್ತಿಲ್ಲ. ಮಾತು ಬರೀ ಗಾಳಿ ಅಲ್ಲ. 1994ರಲ್ಲಿ ರುವಾಂಡಾದಲ್ಲಿ ಒಂದು ರೇಡಿಯೊ ಕೇಂದ್ರ ಟುಟ್ಸಿ ಜನರನ್ನು ಜಿರಳೆಗಳೆಂದು ಕರೆದು, ಕೊಲ್ಲಲು ಹುರಿದುಂಬಿಸಿತು. ಲಕ್ಷಾಂತರ ಜನ ಸತ್ತರು. ಆ ಪ್ರಸಾರದ ಹಿಂದಿದ್ದವರಿಗೆ ಅಂತರರಾಷ್ಟ್ರೀಯ ನ್ಯಾಯಮಂಡಳಿ ಆಮೇಲೆ ಶಿಕ್ಷೆ ಕೊಟ್ಟಿತು. ಒಂದು ಸಮುದಾಯದ ಮೇಲೆ ಜನರನ್ನು ಎತ್ತಿಕಟ್ಟುವುದನ್ನೇ ಕಸುಬು ಮಾಡಿಕೊಂಡವನು ನಾಳೆ ನಮ್ಮ ಊರಿನ ಮೈದಾನದಲ್ಲಿ ಮಾತಾಡುತ್ತಾನೆ ಎಂದರೆ ಆ ಸಮುದಾಯದ ತಾಯಿಗೆ ಮಗುವನ್ನು ಶಾಲೆಗೆ ಕಳಿಸಲು ಹೆದರಿಕೆಯಾಗುತ್ತದೆ. ಆ ಹೆದರಿಕೆಯನ್ನು ಸರ್ಕಾರ ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ಪ್ರಜಾಪ್ರಭುತ್ವ ತನ್ನನ್ನು ಕಾಪಾಡಿಕೊಳ್ಳಬೇಕು ಎಂಬ ವಾದಕ್ಕೆ ಗಟ್ಟಿ ಬೇರುಗಳಿವೆ. ಜರ್ಮನಿಯಲ್ಲಿ ನಾಜಿಗಳು ಚುನಾವಣೆಯ ಮೆಟ್ಟಿಲು ಹತ್ತಿ ಬಂದು, ಆಮೇಲೆ ಮೆಟ್ಟಿಲನ್ನೇ ಮುರಿದದ್ದನ್ನು ಕಂಡವರು ಇದನ್ನು ಬರೆದರು. ಜರ್ಮನಿ ಬಿಟ್ಟು ಬಂದ ಕಾನೂನು ವಿದ್ವಾಂಸ ಕಾರ್ಲ್ ಲೋವೆನ್‌ಸ್ಟೈನ್ 1937ರಲ್ಲೇ, ಪ್ರಜಾಪ್ರಭುತ್ವ ತನ್ನ ಶತ್ರುಗಳ ವಿರುದ್ಧ ಹೋರಾಡಲು ಕಲಿಯಬೇಕು ಎಂದರು. ತತ್ವಶಾಸ್ತ್ರಜ್ಞ ಕಾರ್ಲ್ ಪಾಪರ್ 1945ರಲ್ಲಿ, ಮಿತಿಯಿಲ್ಲದ ಸಹನೆ ಕೊನೆಗೆ ಸಹನೆಯನ್ನೇ ನುಂಗುತ್ತದೆ ಎಂದು ಎಚ್ಚರಿಸಿದರು. ಪಾಪರ್ ಅವರ ಈ ಮಾತನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಅದರ ಪಕ್ಕದಲ್ಲೇ ಅವರು ಹೇಳಿದ್ದನ್ನು ಬಿಟ್ಟುಬಿಡುತ್ತಾರೆ. ವಾದದಿಂದ ಎದುರಿಸಲು ಸಾಧ್ಯ ಇರುವವರೆಗೆ ಅಸಹನೆಯ ವಿಚಾರಗಳನ್ನೂ ದಮನ ಮಾಡುವುದು ಜಾಣತನವಲ್ಲ ಎಂದೂ ಅವರು ಹೇಳಿದ್ದರು. ವಾದವನ್ನೇ ಒಪ್ಪದೆ ಕೈಯೆತ್ತುವವರ ವಿಷಯದಲ್ಲಿ ಮಾತ್ರ ತಡೆಯುವ ಹಕ್ಕನ್ನು ಉಳಿಸಿಕೊಳ್ಳಬೇಕು ಎಂಬುದು ಅವರ ನಿಲುವು.

ಗೆರೆ ಅಲ್ಲೇ ಎಳೆಯಬೇಕು ಎಂದು ನನಗನಿಸುತ್ತದೆ. ಹಿಂಸೆಗೆ ಕರೆ ಕೊಡುವುದು ಒಂದು ಕೃತ್ಯ. ಅದನ್ನು ತಡೆಯಲಿ. ಆದರೆ ಸರ್ಕಾರವನ್ನು ಟೀಕಿಸುವುದು, ಇತಿಹಾಸವನ್ನು ಬೇರೆ ರೀತಿ ಓದುವುದು, ನಮಗೆ ಹಿಡಿಸದ ಆರ್ಥಿಕ ನೀತಿಯನ್ನು ಎತ್ತಿಹಿಡಿಯುವುದು, ಇವು ಕೃತ್ಯಗಳಲ್ಲ, ಅಭಿಪ್ರಾಯಗಳು. ಇವೆರಡನ್ನೂ ಒಂದೇ ಚೀಲಕ್ಕೆ ತುಂಬಿದಾಗಲೇ ಗ್ರಹಾಂ ಗ್ರೀನ್ ಗಡಿಯಿಂದ ಹೊರಬೀಳುತ್ತಾರೆ.

ತಡೆದರೆ ವಿಚಾರ ಸಾಯುತ್ತದೆಯೇ ಎಂಬುದು ಇನ್ನೊಂದು ಪ್ರಶ್ನೆ. 2009ರ ಫೆಬ್ರವರಿಯಲ್ಲಿ ಡಚ್ ಸಂಸದ ಗೀರ್ಟ್ ವಿಲ್ಡರ್ಸ್ ಅವರನ್ನು ಬ್ರಿಟನ್ ಹೀಥ್ರೂ ನಿಲ್ದಾಣದಿಂದಲೇ ವಾಪಸ್ ಕಳಿಸಿತು. ಬ್ರಿಟನ್ನಿನ ಮೇಲ್ಮನೆಯ ಸದಸ್ಯರೊಬ್ಬರು ಅವರ ಇಸ್ಲಾಂ ವಿರೋಧಿ ಚಿತ್ರ ತೋರಿಸಲು ಕರೆದಿದ್ದರು. ಚಿತ್ರವನ್ನು ಅವರಿಲ್ಲದೆಯೇ ತೋರಿಸಿದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ನ್ಯಾಯಮಂಡಳಿ ನಿಷೇಧ ತಪ್ಪು ಎಂದಿತು, ಅವರು ಬಂದರು. ನಡುವೆ ಅವರಿಗೆ ಸಿಕ್ಕಿದ್ದು ಪುಕ್ಕಟೆ ಪ್ರಚಾರ.

ಯಹೂದಿಗಳ ಹತ್ಯಾಕಾಂಡವನ್ನು ನಿರಾಕರಿಸುತ್ತಿದ್ದ ಡೇವಿಡ್ ಇರ್ವಿಂಗ್ ಅವರದು ಇನ್ನೂ ಆಳವಾದ ಉದಾಹರಣೆ. ಕೆನಡಾ 1992ರಲ್ಲಿ ಅವರನ್ನು ಗಡೀಪಾರು ಮಾಡಿತು, ಆಸ್ಟ್ರೇಲಿಯಾ ವೀಸಾ ನಿರಾಕರಿಸಿತು. ತನ್ನ ಬಾಯಿ ಮುಚ್ಚಿಸುತ್ತಿದ್ದಾರೆ ಎಂದು ಅವರು ಅದನ್ನೇ ತೋರಿಸಿಕೊಂಡು ತಿರುಗಿದರು. ಅವರ ವಿದ್ವಾಂಸನ ವೇಷ ಕಳಚಿದ್ದು ಲಂಡನ್ನಿನ ಕೋರ್ಟಿನಲ್ಲಿ. ಇತಿಹಾಸಕಾರ್ತಿ ಡೆಬೊರಾ ಲಿಪ್‌ಸ್ಟಾಟ್ ವಿರುದ್ಧ ಇರ್ವಿಂಗ್ ತಾವೇ ಮಾನನಷ್ಟ ಮೊಕದ್ದಮೆ ಹಾಕಿದ್ದರು. ಇತಿಹಾಸಕಾರ ರಿಚರ್ಡ್ ಇವಾನ್ಸ್ ಅವರ ತಂಡ ಇರ್ವಿಂಗ್ ಬರೆದದ್ದನ್ನೂ ಮೂಲ ದಾಖಲೆಗಳನ್ನೂ ಪಕ್ಕಪಕ್ಕ ಇಟ್ಟು, ಎಲ್ಲೆಲ್ಲಿ ತಿರುಚಿದ್ದಾರೆ ಎಂದು ತೋರಿಸಿತು. 2000ದ ಏಪ್ರಿಲ್‌ನಲ್ಲಿ ತೀರ್ಪು ಬಂತು. ಇರ್ವಿಂಗ್ ಬೇಕೆಂದೇ ಸಾಕ್ಷ್ಯ ತಿರುಚಿದ್ದಾರೆ ಎಂದು ನ್ಯಾಯಾಧೀಶರು ಬರೆದರು. ವಿಮಾನ ನಿಲ್ದಾಣದಲ್ಲಿ ಹಾಕುವ ಯಾವ ಮುದ್ರೆಯೂ ಮಾಡಲಾಗದ ಕೆಲಸ ಅದು.

ಗುಟ್ಟಿನ ಕಾರಣ

ನಿರ್ಬಂಧಕ್ಕಿಂತ ನನ್ನನ್ನು ಜಾಸ್ತಿ ಕಾಡುವುದು ಕಾರಣ ಹೇಳದೇ ಇರುವುದು. ಜರ್ಮನಿಯಲ್ಲಿ ಹುಟ್ಟಿದ ಎಲೆನ್ ನಾಫ್ ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ವಾಯುಪಡೆಯ ಮಹಿಳಾ ದಳದಲ್ಲಿ ಕೆಲಸ ಮಾಡಿದವರು. 1948ರಲ್ಲಿ ಅಮೆರಿಕದ ಮಾಜಿ ಸೈನಿಕನನ್ನು ಮದುವೆಯಾಗಿ ಗಂಡನ ದೇಶಕ್ಕೆ ಬಂದರು. ಎಲ್ಲಿಸ್ ದ್ವೀಪದಲ್ಲಿ ತಡೆದು ಇಟ್ಟುಕೊಂಡರು. ಏಕೆ? ದೇಶದ ಭದ್ರತೆ. ಏನು ಆರೋಪ, ಯಾರು ಸಾಕ್ಷಿ? ಹೇಳುವುದಿಲ್ಲ. ವಿಚಾರಣೆಯೂ ಇಲ್ಲ. 1950ರಲ್ಲಿ ಸುಪ್ರೀಂ ಕೋರ್ಟ್ ಇದನ್ನೂ ಎತ್ತಿಹಿಡಿಯಿತು. ಪ್ರವೇಶ ನಿರಾಕರಿಸಲಾದ ವಿದೇಶಿಗೆ ಸಂಸತ್ತು ಯಾವ ಕ್ರಮ ಗೊತ್ತುಮಾಡಿದೆಯೋ ಅದೇ ನ್ಯಾಯದ ಕ್ರಮ ಎಂದಿತು. ಪತ್ರಿಕೆಗಳು ಬೆನ್ನು ಬಿಡಲಿಲ್ಲ, ಕೆಲವು ಸಂಸದರೂ ದನಿಯೆತ್ತಿದರು. ಕೊನೆಗೆ ವಿಚಾರಣೆ ನಡೆಯಿತು. ಸಾಕ್ಷ್ಯ ಎಂದು ಇಟ್ಟುಕೊಂಡಿದ್ದು ಹೆಚ್ಚಾಗಿ ಅವರಿವರಿಂದ ಕೇಳಿದ ಮಾತು. 1951ರಲ್ಲಿ ಅವರನ್ನು ಒಳಗೆ ಬಿಟ್ಟರು.

ಬೆಳಕಿಗೆ ತಂದ ಕೂಡಲೇ ನಿಲ್ಲಲಾರದ ಆರೋಪಗಳು ಕತ್ತಲಲ್ಲಿ ವರ್ಷಗಟ್ಟಲೆ ನಿಲ್ಲುತ್ತವೆ. ಕಾರಣ ಹೇಳಬೇಕೆಂಬ ನಿಯಮ ಇದ್ದರೆ ಅಧಿಕಾರಿಯೂ ಬರೆಯುವ ಮುಂಚೆ ಒಮ್ಮೆ ಯೋಚಿಸುತ್ತಾರೆ.

ಕೇಳುವವರ ಹಕ್ಕು

ಈಗ ಮ್ಯಾಂಡೆಲ್ ಪ್ರಕರಣದ ತೀರ್ಪು. 1972ರಲ್ಲಿ ಸುಪ್ರೀಂ ಕೋರ್ಟ್ 6–3ರಿಂದ ಸರ್ಕಾರದ ಪರ ಹೇಳಿತು. ಕೇಳುಗರಿಗೆ ಹಕ್ಕು ಇದೆ ಎಂಬುದನ್ನು ಅದು ತಳ್ಳಿಹಾಕಲಿಲ್ಲ. ಪುಸ್ತಕ ಓದಬಹುದು, ಫೋನಿನಲ್ಲಿ ಕೇಳಬಹುದು ಎಂಬ ಸರ್ಕಾರದ ಉತ್ತರ ಸಾಲದು, ಎದುರಿಗೆ ಕೂತು ಮಾತಾಡುವುದರಲ್ಲಿ ಬೇರೆಯದೇ ಗುಣ ಇದೆ ಎಂದೂ ಒಪ್ಪಿತು. ಆದರೆ ಸರ್ಕಾರ ಮೇಲ್ನೋಟಕ್ಕೆ ಸರಿಯಾದ, ಪ್ರಾಮಾಣಿಕವಾದ ಒಂದು ಕಾರಣ ಕೊಟ್ಟರೆ ಸಾಕು, ಕೋರ್ಟ್ ಅದರ ಹಿಂದೆ ಇಣುಕುವುದಿಲ್ಲ ಎಂದಿತು. ಅಮೆರಿಕದ ಕೋರ್ಟುಗಳು ಇಂದಿಗೂ ಇಂಥ ಪ್ರಕರಣ ಬಂದಾಗ ಈ ಅಳತೆಗೋಲನ್ನೇ ಹಿಡಿಯುತ್ತವೆ.

ಯುರೋಪಿನಲ್ಲಿ ಕಥೆ ಸ್ವಲ್ಪ ಬೇರೆ. ಮೇಲೆ ಹೇಳಿದ ಪೀರ್‌ಮಾಂಟ್ ಪ್ರಕರಣದಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 1995ರಲ್ಲಿ ಫ್ರಾನ್ಸ್ ತಪ್ಪು ಮಾಡಿದೆ ಎಂದಿತು. ಅಮೆರಿಕದ ಉಪನ್ಯಾಸಕಿ ನಾರ್ಮಾ ಕಾಕ್ಸ್ ಟರ್ಕಿಯಲ್ಲಿ ಕುರ್ದ್ ಮತ್ತು ಅರ್ಮೇನಿಯನ್ ಜನರ ಬಗ್ಗೆ ಮಾತಾಡಿದ್ದಕ್ಕೆ ಅಲ್ಲಿಗೆ ಮತ್ತೆ ಬರದಂತೆ ತಡೆದಿದ್ದರು. 2010ರಲ್ಲಿ ಅದೇ ನ್ಯಾಯಾಲಯ ಟರ್ಕಿಯ ವಿರುದ್ಧ ತೀರ್ಪು ಕೊಟ್ಟಿತು. ವಿಚಾರಗಳಿಗೆ ಗಡಿಯ ಹಂಗಿಲ್ಲ ಎಂದು ಯುರೋಪಿನ ಮಾನವ ಹಕ್ಕುಗಳ ಒಪ್ಪಂದದಲ್ಲೇ ಬರೆದಿರುವಾಗ, ಮಾತಾಡುವವರನ್ನು ಗಡಿಯಲ್ಲಿ ತಡೆದರೆ ಅದನ್ನು ಪ್ರಶ್ನಿಸಲು ದಾರಿ ಇರಬೇಕು ಎಂಬುದು ಇದರ ತಿರುಳು.

ಆದರೆ ಯುರೋಪಿನಲ್ಲೂ ಎಲ್ಲ ಸಲ ಕೇಳುಗರು ಗೆಲ್ಲುವುದಿಲ್ಲ. ಇರಾನಿನ ಭಿನ್ನಮತೀಯ ನಾಯಕಿ ಮರಿಯಮ್ ರಜಾವಿ ಅವರ ಜೊತೆ ಮಾತಾಡಬೇಕೆಂದು ಬ್ರಿಟನ್ನಿನ ಕೆಲವು ಸಂಸದರು ಕೋರ್ಟಿಗೆ ಹೋದರು. ಅವರು ಬಂದರೆ ಇರಾನ್ ಸೇಡು ತೀರಿಸಿಕೊಳ್ಳಬಹುದು ಎಂಬುದು ಸರ್ಕಾರದ ಭಯ. 2014ರಲ್ಲಿ ಸುಪ್ರೀಂ ಕೋರ್ಟ್ 4–1ರಿಂದ ಸರ್ಕಾರದ ಮಾತನ್ನೇ ಒಪ್ಪಿತು. ನೋಡಿ, ಇಲ್ಲಿ ರಜಾವಿ ಏನು ಹೇಳುತ್ತಾರೆ ಎಂಬುದಕ್ಕಿಂತ, ಅದನ್ನು ಕೇಳಿ ಬೇರೊಂದು ಸರ್ಕಾರ ಏನು ಮಾಡುತ್ತದೆ ಎಂಬುದು ಮುಖ್ಯವಾಯಿತು. ಈ ತರ್ಕವನ್ನು ಹಿಗ್ಗಿಸುತ್ತಾ ಹೋದರೆ, ಹೆಚ್ಚು ಬೆದರಿಕೆ ಹಾಕುವ ಸರ್ಕಾರಕ್ಕೇ ಹೆಚ್ಚು ಬಲ ಬರುತ್ತದೆ.

ಈಗ ನಡೆಯುತ್ತಿರುವುದು

ಹಿಂದೆ ಅಧಿಕಾರಿಗೆ ನಿಮ್ಮ ವಿಚಾರ ತಿಳಿಯಬೇಕಾದರೆ ಸದಸ್ಯತ್ವದ ಪಟ್ಟಿ ಬೇಕಿತ್ತು. ಈಗ ಫೋನ್ ಸಾಕು. ಅಮೆರಿಕ 2019ರಿಂದ ಹೆಚ್ಚಿನ ವೀಸಾ ಅರ್ಜಿಗಳಲ್ಲಿ ಸಾಮಾಜಿಕ ಜಾಲತಾಣದ ಖಾತೆಗಳ ವಿವರ ಕೇಳುತ್ತಿದೆ. 2025ರ ಜೂನ್‌ನಲ್ಲಿ ವಿದ್ಯಾರ್ಥಿ ವೀಸಾ ಕೇಳುವವರು ತಮ್ಮ ಖಾತೆಗಳನ್ನು ಎಲ್ಲರಿಗೂ ಕಾಣುವಂತೆ ಇಡಬೇಕು ಎಂದಿತು. ಒಬ್ಬ ಹುಡುಗ ಹದಿನೇಳರ ವಯಸ್ಸಿನಲ್ಲಿ ಸಿಟ್ಟಿನಲ್ಲಿ ಹಾಕಿದ ಒಂದು ಸಾಲು ಇಪ್ಪತ್ತೆರಡಕ್ಕೆ ಅವನ ಓದಿಗೆ ಅಡ್ಡ ಬರಬಹುದು. ಅದನ್ನು ಅರಿತ ಉಳಿದವರು ಏನು ಮಾಡುತ್ತಾರೆ? ಬರೆಯುವುದನ್ನೇ ಬಿಡುತ್ತಾರೆ. ತಡೆಯಲ್ಪಟ್ಟವರ ಲೆಕ್ಕ ಎಲ್ಲಾದರೂ ಸಿಗಬಹುದು. ಹೆದರಿ ಸುಮ್ಮನಾದವರ ಲೆಕ್ಕ ಎಲ್ಲೂ ಸಿಗುವುದಿಲ್ಲ.

1990ರ ಆ ಕಿಂಡಿಯೂ ಈಗ ಸುದ್ದಿಯಲ್ಲಿದೆ. ಒಳಗೆ ಬಂದವರನ್ನು ಹೊರಗೆ ಕಳಿಸಲು ಕಾನೂನಿನಲ್ಲಿ ಅದಕ್ಕೊಂದು ಜೋಡಿ ಕಲಮು ಇದೆ. 2025ರ ಮಾರ್ಚ್‌ನಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಪ್ಯಾಲೆಸ್ತೀನ್ ಪರ ಹೋರಾಟದ ಮುಂದಾಳು ಮಹಮೂದ್ ಖಲೀಲ್ ಅವರನ್ನು ಇದೇ ಕಲಮಿನಡಿ ಬಂಧಿಸಿದರು. ಅವರು ಕಾಯಂ ವಾಸದ ಗ್ರೀನ್ ಕಾರ್ಡ್ ಇದ್ದವರು. ಅದೇ ತಿಂಗಳು ಟಫ್ಟ್ಸ್ ವಿಶ್ವವಿದ್ಯಾಲಯದ ಟರ್ಕಿಯ ಸಂಶೋಧಕಿ ರುಮೇಸಾ ಒಜ್ತುರ್ಕ್ ಅವರನ್ನು ರಸ್ತೆಯಲ್ಲೇ ಹಿಡಿದರು. ವಿದ್ಯಾರ್ಥಿ ಪತ್ರಿಕೆಯಲ್ಲಿ ಅವರು ಇತರರ ಜೊತೆ ಸೇರಿ ಒಂದು ಲೇಖನ ಬರೆದಿದ್ದರು. ಇಬ್ಬರನ್ನೂ ಕೋರ್ಟುಗಳು ಕೆಲವು ವಾರ, ತಿಂಗಳ ನಂತರ ಬಂಧನದಿಂದ ಬಿಡಿಸಿದವು. ಸೆಪ್ಟೆಂಬರ್ ಕೊನೆಯಲ್ಲಿ ಮ್ಯಾಸಚೂಸೆಟ್ಸ್‌ನ ಫೆಡರಲ್ ನ್ಯಾಯಾಧೀಶ ವಿಲಿಯಂ ಯಂಗ್, ರಾಜಕೀಯ ಮಾತಿಗಾಗಿ ನಾಗರಿಕರಲ್ಲದವರನ್ನು ಗುರಿ ಮಾಡಿದ್ದು ಸಂವಿಧಾನದ ಉಲ್ಲಂಘನೆ ಎಂದು ತೀರ್ಪು ಕೊಟ್ಟರು.

ಹೊರಗೆ ನಿಂತವರಿಗೂ ಒಳಗೆ ಬಂದವರಿಗೂ ಇರುವ ವ್ಯತ್ಯಾಸ ಇಲ್ಲಿ ಮುಖ್ಯ. ಬಾಗಿಲಾಚೆ ಇರುವವರಿಗೆ ಸಂವಿಧಾನದ ರಕ್ಷಣೆ ತೀರಾ ಕಡಿಮೆ. ನೆಲದ ಮೇಲೆ ಕಾನೂನಿನ ಪ್ರಕಾರ ಬದುಕುತ್ತಿರುವವರಿಗೂ ಮಾತಿನ ಸ್ವಾತಂತ್ರ್ಯ ಇದೆ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1945ರಲ್ಲೇ ಹೇಳಿತ್ತು. ಅದೇ ಕೋರ್ಟ್ 1952ರಲ್ಲಿ ಹಿಂದೊಮ್ಮೆ ಕಮ್ಯುನಿಸ್ಟ್ ಪಕ್ಷದಲ್ಲಿದ್ದ ವಲಸಿಗರ ಗಡೀಪಾರನ್ನು ಒಪ್ಪಿತ್ತು. ಈ ಎರಡು ತೀರ್ಪುಗಳ ನಡುವಿನ ಜಗ್ಗಾಟ ಇನ್ನೂ ಮುಗಿದಿಲ್ಲ.

ಇನ್ನು ಮುಂದೆ ಯಾರನ್ನೋ ವಿಮಾನ ನಿಲ್ದಾಣದಿಂದ ವಾಪಸ್ ಕಳಿಸಿದ ಸುದ್ದಿ ಓದಿದರೆ ಅವರ ವಿಚಾರ ನಮಗೆ ಒಪ್ಪಿಗೆಯೇ ಎಂದು ಮೊದಲು ಕೇಳಿಕೊಳ್ಳುವುದು ಬೇಡ. ಕಾರಣವನ್ನು ಬರೆದು ಕೊಟ್ಟಿದ್ದಾರೆಯೇ? ಅವರು ಮಾಡಿದ ಕೆಲಸವೋ, ಹೇಳಿದ ಅಭಿಪ್ರಾಯವೋ? ಮೇಲ್ಮನವಿಗೆ ದಾರಿ ಇದೆಯೇ? ಕರೆದವರು ಯಾರು, ಅವರ ಮಾತನ್ನು ಯಾರಾದರೂ ಕೇಳಿದರೇ? ಇದೇ ಮಾತನ್ನು ನಾಗರಿಕರೊಬ್ಬರು ಆಡಿದ್ದರೆ ಅಪರಾಧ ಆಗುತ್ತಿತ್ತೇ? ಆಗುವುದಿಲ್ಲ ಎಂದಾದರೆ ಗಡಿಯಲ್ಲಿ ತಡೆಯಲು ಬಲವಾದ ಬೇರೆ ಕಾರಣ ಬೇಕು.

ಈ ಪ್ರಶ್ನೆಗಳನ್ನು ಒಂದು ಕೋರ್ಟ್ ನಿಜವಾಗಿ ಕೇಳಿದ ಪ್ರಸಂಗ ಒಂದಿದೆ. 2018ರ ಅಕ್ಟೋಬರ್‌ನಲ್ಲಿ ಅಮೆರಿಕದ ವಿದ್ಯಾರ್ಥಿನಿ ಲಾರಾ ಅಲ್‌ಖಾಸೆಮ್ ವೀಸಾ ಹಿಡಿದು ಇಸ್ರೇಲಿಗೆ ಬಂದರು. ಫ್ಲಾರಿಡಾದಲ್ಲಿ ಓದುವಾಗ ಬಹಿಷ್ಕಾರದ ಪರ ಇದ್ದ ಒಂದು ವಿದ್ಯಾರ್ಥಿ ಸಂಘಟನೆಯ ಸ್ಥಳೀಯ ಘಟಕಕ್ಕೆ ಅವರು ಮುಖ್ಯಸ್ಥೆಯಾಗಿದ್ದರು. ಬೆನ್ ಗುರಿಯನ್ ನಿಲ್ದಾಣದಲ್ಲಿ ಅವರನ್ನು ಎರಡು ವಾರ ಇಟ್ಟುಕೊಂಡರು. ವಾಪಸ್ ಹೋಗಿಬಿಡಬಹುದಿತ್ತು, ಅವರು ಹೋಗಲಿಲ್ಲ, ಕೋರ್ಟಿನಲ್ಲಿ ಹೋರಾಡಿದರು. ಅವರು ಸೇರಬೇಕಿದ್ದ ಹೀಬ್ರೂ ವಿಶ್ವವಿದ್ಯಾಲಯವೂ ಅವರ ಪರ ನಿಂತಿತು. ಬಹಿಷ್ಕಾರದ ವಿರುದ್ಧದ ಕಾನೂನು ಇರುವುದು ಮುಂದಾಗುವ ಹಾನಿ ತಡೆಯಲು, ಹಿಂದಿನದಕ್ಕೆ ಶಿಕ್ಷೆ ಕೊಡಲು ಅಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. ಇಸ್ರೇಲಿನಲ್ಲೇ ಓದಲು ಬಂದವರು ಬಹಿಷ್ಕಾರ ಮಾಡುತ್ತಿದ್ದಾರೆ ಎನ್ನುವುದು ಹೇಗೆ? ನಿಜವಾದ ಕಾರಣ ಅವರ ರಾಜಕೀಯ ಅಭಿಪ್ರಾಯವೇ ಆಗಿದ್ದರೆ ಅದು ಅಪಾಯಕಾರಿ ಹೆಜ್ಜೆ ಎಂದೂ ನ್ಯಾಯಮೂರ್ತಿಗಳು ಎಚ್ಚರಿಸಿದರು. ಬಿಡುಗಡೆಯಾದ ಅಲ್‌ಖಾಸೆಮ್ ಜೆರುಸಲೇಮಿಗೆ ಹೋಗಿ, ಮಾನವ ಹಕ್ಕುಗಳ ವಿಷಯದಲ್ಲಿ ತಮ್ಮ ಸ್ನಾತಕೋತ್ತರ ಓದು ಶುರುಮಾಡಿದರು.